ಗಾಜಿನ ಮೇಲೂ ಮೂಡಿದ ಚೌಕ

ಸನ್ಮಾನ ಆದ ಮೇಲೆ ತಪ್ಪು ಗೊತ್ತಾಗುವುದಕ್ಕಿಂತ ದೊಡ್ಡ ಕಷ್ಟ ಇಲ್ಲ. ಮೊದಲೇ ಗೊತ್ತಾದರೆ ತಿದ್ದಿಕೊಳ್ಳಬಹುದು; ಶಾಲು ಹೊದ್ದವನಿಗೆ ತಿದ್ದಲು ಕೈ ಹೊರಗೆ ಬರುವುದಿಲ್ಲ.

ನಾನು ಹಿರೇಕೆರೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮಾಸ್ತರ. ಮನೆಯ ಹಿತ್ತಲ ಕೋಣೆಯಲ್ಲಿ ಫೆರೋಎಲೆಕ್ಟ್ರಿಕ್ ಹರಳು ಬೆಳೆಸುತ್ತೇನೆ. ವಿದ್ಯುತ್ ತಾಗಿಸಿದರೆ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುವ, ಜೋರಾಗಿ ತಾಗಿಸಿದರೆ ಒಳಗಿನ ವಿದ್ಯುತ್ತಿನ ದಿಕ್ಕನ್ನೇ ತಿರುಗಿಸಿಕೊಳ್ಳುವ ಹರಳು ಅದು. ಇದನ್ನು ನೋಡಲು ಮಸೂರ ಸಾಲದು. ಅತಿ ಚೂಪಾದ ಸೂಜಿಯ ಮೊನೆಯನ್ನು ಹರಳಿನ ಮೈಮೇಲೆ ಆಡಿಸಿ ಅದರ ಅಲುಗಾಟ ಓದುವ ಸೂಕ್ಷ್ಮದರ್ಶಕ ಬೇಕು. ಅದಿರುವುದು ದೂರದ ಪ್ರಯೋಗಾಲಯವೊಂದರಲ್ಲಿ. ಅಲ್ಲಿ ಅದನ್ನು ನಡೆಸುತ್ತಿದ್ದವಳು ಸವಣೂರಿನ ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ.

ನಾನು ಕಳಿಸಿದ ಹರಳಿಗೆ ಅವಳು ಸೂಜಿಯಿಂದ ವಿದ್ಯುತ್ ಕೊಟ್ಟ ಜಾಗದಲ್ಲಿ ಪರದೆಯ ಮೇಲೆ ಕಪ್ಪು ಚೌಕವೊಂದು ಮೂಡಿತು. ಇಷ್ಟು ಕಡಿಮೆ ವಿದ್ಯುತ್ತಿಗೇ ಹರಳು ದಿಕ್ಕು ತಿರುಗಿಸಿತೆಂದು ನಾನು ಹಿಗ್ಗಿದೆ. ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ನನ್ನೊಬ್ಬನ ಹೆಸರಿನಲ್ಲಿ ಅಚ್ಚಾಯಿತು. ಶಬಾನಾಳಿಗೆ ಕೊನೆಯಲ್ಲಿ ಒಂದು ಸಾಲು ಕೃತಜ್ಞತೆ. ಹೆಂಡತಿ ಗಿರಿಜಾಳ ತವರು ಹತ್ತಿಮತ್ತೂರಿನಲ್ಲಿ ಮಾವನವರು ಶಾಲು ಹೊದಿಸಿ, "ನಮ್ಮ ಅಳಿಯಂದ್ರು ಹರಳಿನ ವಿಷಯದಾಗ ಭಾಳ ಶಾಣ್ಯಾರು" ಎಂದರು. ಹಿರಿಯರೊಬ್ಬರು ತಕ್ಷಣ ಉಂಗುರದ ಬೆರಳು ಚಾಚಿ, "ಶನಿ ಕಾಟಕ್ಕ ಈ ಹರಳು ನಡೀತೈತೇನ್ರಿ?" ಎಂದು ಕೇಳಿದರು. ನಾನು ಮನಸ್ಸಿನಲ್ಲೇ ನಕ್ಕೆ. ಅವರ ನಂಬಿಕೆಗೂ ನನ್ನದಕ್ಕೂ ಹೆಚ್ಚು ಅಂತರವಿಲ್ಲವೆಂದು ವಾರದೊಳಗೆ ತಿಳಿಯಿತು.

ಶಬಾನಾ ಫೋನ್ ಮಾಡಿದಳು. "ಸರ್, ಹರಳಿನ ಬದ್ಲಿ ಗಾಜಿನ ತುಂಡು ಇಟ್ಟು ನೋಡೇನ್ರಿ. ಅದರ ಮ್ಯಾಲೂ ಅದ ಚೌಕ ಬಂತು."

ಗಾಜಿಗೆ ತಿರುಗಿಸಿಕೊಳ್ಳಲು ದಿಕ್ಕೇ ಇಲ್ಲ. ಅಂದರೆ ನಾವು ಕಂಡದ್ದು ಹರಳಿನ ಗುಣವಲ್ಲ, ಸೂಜಿ ಮೇಲ್ಮೈಗೆ ಬಳಿದ ವಿದ್ಯುತ್ತಿನ ಕಲೆ.

"ಗಾಜು ಹೊಲಸಿತ್ತೇನೋ ನೋಡವ್ವ" ಎಂದೆ.

"ನಾಕು ಸಲ ತೊಳದೇನ್ರಿ. ಪತ್ರಿಕೆಯವ್ರಿಗೆ ನೀವ ಬರೆದು ತಿಳಸ್ರಿ ಸರ್. ಬ್ಯಾರೆಯವ್ರು ಹೇಳೂಕಿಂತ ಅದ ಛಲೋ."

"ಅವಸರ ಬ್ಯಾಡ. ನಾ ಬರೀತೇನಿ."

ಎರಡು ವರ್ಷ ಬರೆಯಲಿಲ್ಲ. ಅದೇ ಲೇಖನ ತೋರಿಸಿ ಬಡ್ತಿ ಪಡೆದೆ. ಶಬಾನಾ ಹಬ್ಬಕ್ಕೊಮ್ಮೆ ಫೋನ್ ಮಾಡಿ, ಎಲ್ಲರ ಕ್ಷೇಮ ಕೇಳಿ, ಕೊನೆಗೆ ಮೆಲ್ಲಗೆ "ಅದೇನಾತ್ರಿ ಸರ್?" ಎನ್ನುವಳು. ನಾನು "ಸವಣೂರಾಗ ಮಳಿ ಹೆಂಗೈತಿ?" ಎನ್ನುತ್ತಿದ್ದೆ. ಆಮೇಲೆ ಅವಳ ಫೋನು ನಿಂತಿತು.

ಹೋದ ತಿಂಗಳು ಅವಳದೇ ಲೇಖನ ಬಂತು. ಗಾಜಿನ ಪರೀಕ್ಷೆ ಪೂರ್ತಿ ಇತ್ತು. ನನ್ನ ಹೆಸರು ಎಲ್ಲಿ ಬಂದೀತೋ ಎಂದು ಸಾಲಿನ ಮೇಲೆ ಬೆರಳಿಟ್ಟು ಓದಿದೆ. ನನ್ನ ತಪ್ಪನ್ನು "ಹಿಂದಿನ ಒಂದು ವರದಿ" ಎಂದಷ್ಟೇ ಬರೆದು ಮುಂದೆ ಹೋಗಿದ್ದಳು. ಗಿರಿಜಾಳಿಗೆ ಹೇಳಿದೆ.

"ಪಾಪ, ನಿಮ್ಮ ಮರ್ಯಾದಿ ಉಳಿಸ್ಯಾಳ್ರಿ ಆಕಿ. ಒಂದು ಫೋನರ ಮಾಡ್ರಿ" ಎಂದಳು.

ಫೋನ್ ಕೈಗೆತ್ತಿಕೊಂಡೆ, ಮಾಡಲಿಲ್ಲ. ಕನ್ನಡಕ ಒರೆಸಿಕೊಂಡು ಲೇಖನವನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ಇಷ್ಟು ವರ್ಷ ಪಾಠ ಹೇಳಿದ ಗುರುವಿನ ಹೆಸರನ್ನು ಒಂದು ಕಡೆಯೂ ಹಾಕಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.