ಮಾಲೀಕರು ಮತ್ತು ಕುಟುಂಬದವರು ಮಾತ್ರ

ಎಲ್ಲ ಫಜೀತಿಗೂ ಮೂಲ ಅಂಗೈಯಗಲದ ಒಂದು ಕಾರ್ಡು. ಅದರಲ್ಲಿ ಎರಡು ಚೌಕ.

ರಿಜಿಸ್ಟ್ರೇಷನ್ ಆಫೀಸಿನಿಂದ ಬಂದ ಕಾರ್ಡದು. ತಮ್ಮ ಕಾರಿಗೆ ಐವತ್ತು ವರ್ಷ ತುಂಬಿದೆ, ಸಾಧಾರಣ ನಂಬರ್ ಪ್ಲೇಟಿನಲ್ಲೇ ಮುಂದುವರಿಯುವುದಾದರೆ ಮೊದಲ ಚೌಕಕ್ಕೆ ಗುರುತು ಹಾಕಿ, ಪುರಾತನ ವಾಹನವೆಂಬ ಮರ್ಯಾದೆಯ ಪ್ಲೇಟು ಬೇಕಾದರೆ ಎರಡನೆಯದಕ್ಕೆ ಹಾಕಿ, ತಿಂಗಳ ಕೊನೆಯ ದಿನ ನಾಲ್ಕು ಗಂಟೆಯೊಳಗೆ ಕಾರಿನ ಸಮೇತ ಬನ್ನಿ ಎಂದು ಬರೆದಿತ್ತು. ಈ ಎರಡು ಚೌಕಗಳ ನಡುವೆ ಹಲ್ಲುಮಾಮ ಇಪ್ಪತ್ತೆಂಟು ದಿನ ಒದ್ದಾಡಿದರು. ಪೆನ್ಸಿಲಿನಲ್ಲಿ ಗುರುತು ಹಾಕುವುದು, ರಬ್ಬರಿನಲ್ಲಿ ಅಳಿಸುವುದು. ಉಜ್ಜಿ ಉಜ್ಜಿ ಕಾರ್ಡು ಸವೆದು ಆಚೆ ಬದಿಯ ಅಕ್ಷರ ಈಚೆಗೆ ಕಾಣುವಷ್ಟಾಗಿತ್ತು. ಇವತ್ತು ತಿಂಗಳ ಕೊನೆಯ ದಿನ.

ಹಲ್ಲುಮಾಮ ಎನ್ನುವುದು ಬೀದಿಯವರಿಟ್ಟ ಹೆಸರು. ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಊರಿನ ಮುಕ್ಕಾಲು ಪಾಲು ಬೊಚ್ಚುಬಾಯಿಗಳಿಗೆ ಹಲ್ಲು ಕೂರಿಸಿದ ಈ ಮಹಾನುಭಾವರ ಸ್ವಂತ ಬಾಯಿಂದ 'ಇಲ್ಲ' ಎಂಬ ಎರಡಕ್ಷರ ಮಾತ್ರ ಹೊರಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಹಾಗೆ. ಅದಕ್ಕೇ ಅವರ ಕಾರು ಇಡೀ ಬೀದಿಯ ಕಾರಾಗಿತ್ತು.

ಕಾರಿನ ಹೆಸರು ಡುಮ್ಮಿ. ಗುಂಡಗಿನ ಕೆನೆಬಣ್ಣದ ಮೈ, ಮುಂದೆ ಎರಡು ಉಬ್ಬುಗಣ್ಣು. ಹಲ್ಲುಮಾಮ ಮೊದಲು ಕೆಲಸಕ್ಕಿದ್ದ ಹಲ್ಲಿನ ಡಾಕ್ಟರು ಕ್ಲಿನಿಕ್ಕು ಮುಚ್ಚಿದ ದಿನ ಕೀಲಿ ಕೈಗಿಟ್ಟು, "ನಿನ್ನ ಸೆಟ್ಟುಗಳಿಂದ ನನ್ನ ಹೆಸರು ಉಳೀತು ಕಣಯ್ಯ, ತಗೋ" ಎಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಬಾನೆಟ್ಟು ಒರೆಸುವಾಗಲೆಲ್ಲ ಹಲ್ಲುಮಾಮ ಆ ಪುಣ್ಯಾತ್ಮನನ್ನು ಮನಸ್ಸಿನಲ್ಲೇ ನೆನೆಯುವುದುಂಟು. ದಿನಾ ಒರೆಸುತ್ತಿದ್ದುದರಿಂದ ದಿನಾ ನೆನೆಯುತ್ತಿದ್ದರು.

"ರೀ, ಇವತ್ತಾದ್ರೂ ಒಂದು ತೀರ್ಮಾನಕ್ಕೆ ಬರ್ತೀರೋ ಇಲ್ವೋ?" ಬೆಳಿಗ್ಗೆ ಹೆಂಡತಿ ಕಾಫಿ ತಂದಿಟ್ಟು ಕೇಳಿದರು.

"ನೋಡು ಇವಳೇ, ಸಾಧಾರಣ ಪ್ಲೇಟಾದ್ರೆ ಎಲ್ಲಿಗ್ ಬೇಕಾದ್ರೂ ಹೋಗ್ಬಹುದು. ಆಂಟಿಕ್ ಪ್ಲೇಟಾದ್ರೆ ಮರ್ಯಾದೆ, ಆದ್ರೆ ಓಡಾಟಕ್ಕೆ ಕಟ್ಟುಪಾಡು."

"ಎಲ್ಲಿಗ್ ಬೇಕಾದ್ರೂ ಹೋಗ್ಬಹುದು, ಸರಿ. ನಾನು ಎಲ್ಲಿಗೆ ಹೋಗಿದೀನಿ ಹೇಳಿ?"

ಹಲ್ಲುಮಾಮ ಕಾಫಿ ಲೋಟದೊಳಗೆ ಮುಖ ಹುದುಗಿಸಿದರು. ಆಕೆಯ ಆಸೆ ಅವರಿಗೆ ಬಾಯಿಪಾಠ. ಒಂದೇ ಒಂದು ಸಲ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ಪರಿಚಯದವರು ಯಾರೂ ಇಲ್ಲದೆ, ಕಿಟಕಿ ಇಳಿಸಿಕೊಂಡು, ಕೆರೆ ದಂಡೆಯ ಮೇಲೆ ಹೋಗಬೇಕು. ಇಷ್ಟೇ. ಡುಮ್ಮಿ ಮನೆಗೆ ಬಂದು ಹತ್ತೊಂಬತ್ತು ವರ್ಷ. ಒಂದು ಸಲವೂ ಆಗಿರಲಿಲ್ಲ. ಹೊರಟಾಗಲೆಲ್ಲ ಯಾರದೋ ಮಂಡಿನೋವು, ಯಾರದೋ ರೈಲು, ಯಾರದೋ ಸೋಫಾ.

ಹಲ್ಲುಮಾಮನ ಕಣ್ಣಿನಲ್ಲಿ ನೀರಾಡಿತು. ಹಲ್ಲಿನ ಸೆಟ್ಟು ನೋಡುವ ಭೂತಗನ್ನಡಿ ತೆಗೆದು ಕಾರ್ಡಿನ ಹಿಂಬದಿಯ ಇರುವೆಗಾತ್ರದ ಅಕ್ಷರಗಳನ್ನು ಮೊದಲ ಸಲ ಓದಿದರು. ಒಂಬತ್ತನೇ ನಿಯಮ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟರು.

"ಕೇಳಿಸ್ಕೋ! 'ಪುರಾತನ ವಾಹನವನ್ನು ಇಂಜಿನ್ ಕೆಡದಂತೆ ಆಗಾಗ ಓಡಿಸಬಹುದು. ಆದರೆ ಅದರಲ್ಲಿ ಪ್ರಯಾಣಿಸತಕ್ಕವರು ಮಾಲೀಕರು ಮತ್ತು ಪಟ್ಟಿಯಲ್ಲಿರುವ ಕುಟುಂಬದವರು ಮಾತ್ರ.' ಮಾತ್ರ, ಕಣೇ, ಮಾತ್ರ! ಕುಟುಂಬ ಅಂದ್ರೆ ಯಾರು? ನೀನೊಬ್ಳೇ!"

ತಮ್ಮ ಬಾಯಿಂದ ಬಾರದ 'ಇಲ್ಲ' ಸರ್ಕಾರದ ಬಾಯಿಂದ ಬರಲಿ ಬಿಡು ಎಂದುಕೊಂಡು ಹಲ್ಲುಮಾಮ ಎರಡನೇ ಚೌಕಕ್ಕೆ ಪೆನ್ನಿನಲ್ಲೇ ಗುರುತು ಹಾಕಿದರು. ಸಂಜೆ ವಾಪಸ್ಸು ಬರುವಾಗ ಕೆರೆ ದಂಡೆಯ ಮೇಲೇ ಬರುವುದೆಂದು ತೀರ್ಮಾನವಾಯಿತು. ಮಧ್ಯಾಹ್ನ ಊಟವಾದದ್ದೇ ಹೆಂಡತಿ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದರು.

ಸದ್ದಿಲ್ಲದೆ ಹೊರಡೋಣವೆಂದರೆ ಡುಮ್ಮಿಗೆ ಸದ್ದಿಲ್ಲದೆ ಸ್ಟಾರ್ಟಾಗಲು ಬರುತ್ತಿರಲಿಲ್ಲ. ಆ ಸದ್ದು ಕೇಳಿದರೆ ಸಾಕು, ಬೀದಿಯವರಿಗೆಲ್ಲ ತಾವು ಎಲ್ಲಿಗೋ ಹೋಗಬೇಕಿತ್ತೆಂಬುದು ನೆನಪಾಗುತ್ತಿತ್ತು.

ಮೊದಲು ಬಂದದ್ದು ಎದುರುಮನೆ ಅಜ್ಜಿ. "ಎಲ್ಲಿಗಪ್ಪಾ ಮಗಾ ಸವಾರಿ?"

"ರಿಜಿಸ್ಟ್ರೇಷನ್ ಆಫೀಸಿಗೆ ಅಜ್ಜಿ."

"ಅಯ್ಯೋ, ಕಣ್ಣಾಸ್ಪತ್ರೆ ಅಲ್ಲೇ ಪಕ್ಕದಲ್ಲಲ್ವೇ! ಹೇಳಿ ಕಳಿಸಿದ ಹಾಗೆ ಬಂದೆ ನೋಡು." ಕಣ್ಣಾಸ್ಪತ್ರೆ ಊರಿನ ಇನ್ನೊಂದು ತುದಿಗಿತ್ತು. ಅದನ್ನು ಹೇಳುವಷ್ಟರಲ್ಲಿ ಅಜ್ಜಿ ಒಳಗೆ ಕೂತು ಬಾಗಿಲು ಹಾಕಿಕೊಂಡಾಗಿತ್ತು.

ಅಷ್ಟರಲ್ಲಿ ಪಕ್ಕದ ಮನೆ ಟೈಲರಮ್ಮ ಸ್ಕೂಲ್ ಯೂನಿಫಾರ್ಮಿನ ದೊಡ್ಡ ಗಂಟು ಹೊತ್ತು ಓಡಿಬಂದಳು. "ಅಣ್ಣಾ, ದಾರೀಲಿ ಸ್ಕೂಲ್ ಹತ್ರ ಇಳಿಸ್ಬಿಡಣ್ಣಾ, ನಿನ್ನ ಹೊಟ್ಟೆ ತಣ್ಣಗಿರಲಿ!" ಅವಳ ಹಿಂದೆಯೇ ಮೂಲೆಮನೆಯ ರಿಟೈರ್ಡ್ ವಕೀಲರು. ಅವರಿಗೆ ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ. "ಸರ್ಕಾರಿ ಆಫೀಸು ಅಂದೆಯಲ್ಲ ತಮ್ಮಾ? ನಾನಿಲ್ದೆ ಹೋದ್ರೆ ನಿನ್ನನ್ನ ಹುರಿದು ಮುಕ್ಕಿಬಿಡ್ತಾರೆ" ಎನ್ನುತ್ತ ಮುಂದಿನ ಬಾಗಿಲು ತೆರೆದರು. "ತಂಗೀ, ನನ್ನ ಕಾಲು ಉದ್ದ, ಹಿಂದೆ ಹಿಡಿಯಲ್ಲ. ಬೇಜಾರಿಲ್ಲ ತಾನೇ?"

ಹೆಂಡತಿ ಮುಂದಿನ ಸೀಟಿನಿಂದ ಇಳಿದು ಹಿಂದೆ ಹೋದರು. ಯೂನಿಫಾರ್ಮಿನ ಗಂಟು ಅವರ ತೊಡೆಗೆ ಬಂತು. ಹಲ್ಲುಮಾಮ ಕನ್ನಡಿಯಲ್ಲಿ ಹೆಂಡತಿಯ ಮುಖ ಹುಡುಕಿದರು, ಗಂಟು ಮಾತ್ರ ಕಂಡಿತು. ಇರಲಿ, ಇದೇ ಕೊನೆ, ಸಂಜೆಯಿಂದ ನಾವಿಬ್ಬರೇ ಎಂದು ಹಲ್ಲು ಕಚ್ಚಿ ಗೇರು ಹಾಕಿದರು.

ಕಾರಿನೊಳಗೆ ವಕೀಲರು ಪಾಟೀಸವಾಲು ಶುರು ಮಾಡಿದರು. ಆಂಟಿಕ್ ಪ್ಲೇಟು ಯಾತಕ್ಕೆ? ಹಲ್ಲುಮಾಮ ತಡವರಿಸಿ, "ಅದು... ಡುಮ್ಮಿಗೊಂದು ಮರ್ಯಾದೆ ಆಗ್ಲಿ ಅಂತ" ಎಂದರು.

"ಭೇಷ್!" ಎಂದರು ವಕೀಲರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಗ್ಬೇಕಾದ್ದೇ ಕಣೋ. ನಮ್ಮನ್ನೆಲ್ಲ ಹೊತ್ತು ಹೊತ್ತು ಸವೆದ ಜೀವ ಅದು."

ಸ್ಕೂಲಿನ ಹತ್ತಿರ ಗಂಟು ಇಳಿಯಿತು, ಟೈಲರಮ್ಮ ಇಳಿಯಲಿಲ್ಲ. ಡುಮ್ಮಿಯ ಮರ್ಯಾದೆ ನೋಡದೆ ಮನೆಗೆ ಹೋಗುವುದುಂಟೇ? ಅಜ್ಜಿಯೂ ಕಣ್ಣಾಸ್ಪತ್ರೆ ನಾಳೆಗಾಯಿತು ಎಂದಳು. ಮುಂದಿನ ಏರಿನಲ್ಲಿ ಡುಮ್ಮಿ ಎರಡು ಸಲ ಕೆಮ್ಮಿ, ಹೊಗೆಯುಗುಳಿ ನಿಂತಿತು. ಆಫೀಸಿಗೆ ಇನ್ನೂ ಅರ್ಧ ಮೈಲಿ. ಗಂಟೆ ಮೂರೂಕಾಲು.

ವಕೀಲರು ಪಂಚೆ ಎತ್ತಿ ಕಟ್ಟಿದರು. ಟೈಲರಮ್ಮ ಸೆರಗು ಸಿಕ್ಕಿಸಿಕೊಂಡಳು. ಎಂಬತ್ತು ದಾಟಿದ ಅಜ್ಜಿ ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು, "ಐಸಾ!" ಎಂದು ಕೂಗುವ ಜವಾಬ್ದಾರಿ ವಹಿಸಿಕೊಂಡಳು. ಒಳಗೆ ಕೂತು ಸ್ಟೇರಿಂಗು ಹಿಡಿದ ಹಲ್ಲುಮಾಮ ಕನ್ನಡಿಯಲ್ಲಿ ಈ ಮೂವರ ಬೆವರು, ಜೊತೆಗೆ ತಮ್ಮ ಹೆಂಡತಿಯ ಒಳ್ಳೆಯ ಸೀರೆಗೆ ಹತ್ತಿದ ಮಸಿ, ಎರಡನ್ನೂ ಕಂಡರು. ಈ ಜನ ಹತ್ತೊಂಬತ್ತು ವರ್ಷ ಬರೀ ಹತ್ತಿ ಕೂತವರಲ್ಲ. ನೂಕಿದವರೂ ಇವರೇ. ಡುಮ್ಮಿಯ ಸೀಟಿಗೆ ಕವರು ಹೊಲಿದವಳು ಟೈಲರಮ್ಮ. ಮಳೆಗೆ ನೆನೆಯದಂತೆ ನಿಲ್ಲಿಸಲು ಷೆಡ್ಡು ಬಿಟ್ಟುಕೊಟ್ಟವರು ವಕೀಲರು. ಇಂಥವರನ್ನು ಹೊರಗೆ ಹಾಕಲು ನಾನು ಸರ್ಕಾರದ ಕಾಲು ಹಿಡಿಯಲು ಹೊರಟಿದ್ದೇನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಅಂತೂ ಇಂತೂ ಮೂರೂಮುಕ್ಕಾಲಿಗೆ ಡುಮ್ಮಿ ಆಫೀಸಿನ ಅಂಗಳ ಸೇರಿತು. ಹೆಂಡತಿ, "ನೀವು ಒಳಗೆ ನಡೀರಿ, ಇದಕ್ಕೆ ನೀರು ಹಾಕಿ ಬರ್ತೀನಿ" ಎಂದು ನಲ್ಲಿ ಹುಡುಕಿಕೊಂಡು ಹೋದರು. ಉಳಿದ ಮೂವರು ಹಲ್ಲುಮಾಮನ ಹಿಂದೆಯೇ ಕೌಂಟರಿಗೆ ಬಂದರು.

ಕೌಂಟರಿನ ಮೇಡಂ ತಲೆಯೆತ್ತದೆ ಬರೆಯುವವರು. "ಏನ್ರೀ, ಕಾರ್ಡು ಕೊಡ್ರೀ. ಕುಟುಂಬದವರ ಪಟ್ಟಿ ಖಾಲಿ ಬಿಟ್ಟಿದೀರಲ್ರೀ? ಇವರ್ಯಾರು, ನಿಮಗೆ ಏನಾಗ್ಬೇಕು?"

ಪ್ರಶ್ನೆ ಹಲ್ಲುಮಾಮನಿಗೆ. ಉತ್ತರ ಕೊಟ್ಟದ್ದು ಅಜ್ಜಿ. "ಇವನು ನನ್ನ ಮಗ ಕಣಮ್ಮ! ನನಗೆ ಎದೆನೋವು ಬಂದ ದಿನ ಕೆಂಪು ದೀಪಾನೂ ನೋಡ್ದೆ ಆಸ್ಪತ್ರೆಗೆ ಹಾಕಿದ. ಇವತ್ತು ನಾನು ನಿಂತಿರೋದು ಇವನಿಂದ."

"ನಮ್ಮಣ್ಣ ಮೇಡಂ," ಎಂದಳು ಟೈಲರಮ್ಮ. "ನನ್ನ ಮಗಳು ಹುಟ್ಟಿದ್ದೇ ಇವರ ಕಾರಿನ ಹಿಂದಿನ ಸೀಟಲ್ಲಿ. ಒಂದು ದಿನಕ್ಕೂ ಮುಖ ಗಂಟಿಕ್ಕಿದವರಲ್ಲ."

ವಕೀಲರು ಗಂಟಲು ಸರಿಮಾಡಿಕೊಂಡರು. "ಒಡಹುಟ್ಟಿದ ತಮ್ಮನಾದ್ರೂ ಇಷ್ಟು ಮಾಡಲ್ಲ. ನನ್ನ ಕೊನೇ ಕೇಸಿನ ದಿನ ಬಸ್ ಬಂದ್ ಆಗಿತ್ತು..." ಅವರು ಕರವಸ್ತ್ರ ತೆಗೆದರು.

ಮೇಡಂ ಬರೆಯುತ್ತಲೇ ಇದ್ದರು. "ಇವರೆಲ್ಲ ನಿಮ್ಮವರೇ ಏನ್ರೀ?"

ಹಲ್ಲುಮಾಮನಿಗೆ ಕಣ್ಣು ಮಂಜಾಗಿ ಮೇಡಂ ಇಬ್ಬರಾಗಿ ಕಾಣುತ್ತಿದ್ದರು. 'ಇಲ್ಲ' ಮೊದಲೇ ಬಾರದ ಬಾಯಿ. ಈಗಂತೂ ಅದು ಬರಬಾರದೆಂದೇ ಅನ್ನಿಸಿತು. "ಹೌದು ಮೇಡಂ, ಎಲ್ಲ ನಮ್ಮವರೇ" ಎಂದರು, ಮನಸಾರೆ.

ಅಷ್ಟರಲ್ಲಿ ಚಾಸಿ ನಂಬರು ನೋಡಬೇಕೆಂದು ಇನ್ಸ್‌ಪೆಕ್ಟರು ಅವರನ್ನು ಹಿಂಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದರು. ಕಾರಿನಡಿ ತೂರಿ, ಮಸಿ ಕೆರೆದು, ನಂಬರು ಸಿಕ್ಕಿ, ಹಳೆಯ ಪ್ಲೇಟು ಕಿತ್ತು, ಹೊಸದನ್ನು ಸ್ಕ್ರೂ ಹಾಕಿ ಬಿಗಿಯುವಷ್ಟರಲ್ಲಿ ನಾಲ್ಕು ಹೊಡೆಯಿತು. ಡುಮ್ಮಿ ಹೊಸ ಹಲ್ಲು ಕಟ್ಟಿಸಿಕೊಂಡ ಮುದುಕಿಯ ಹಾಗೆ ಫಳಫಳ ಎನ್ನುತ್ತಿತ್ತು.

ಹಲ್ಲುಮಾಮ ಕೈ ಒರೆಸಿಕೊಳ್ಳುತ್ತಿದ್ದಾಗ ವಕೀಲರು ಸರ್ಟಿಫಿಕೇಟು ಹಿಡಿದು ಓಡಿಬಂದು ಅವರನ್ನು ತಬ್ಬಿಕೊಂಡರು. "ತಮ್ಮಾ, ಏನು ಮನುಷ್ಯನಯ್ಯಾ ನೀನು! ನಮ್ಮನ್ನೆಲ್ಲ ಕುಟುಂಬ ಅಂತ ಬರೆಸಿಬಿಟ್ಟೆಯಲ್ಲ! ಅಜ್ಜಿ ತಾಯಿ, ಇವಳು ತಂಗಿ, ನಾನು ಅಣ್ಣ. ನೀನು ಹೊರಗೆ ಹೋದ್ಮೇಲೆ ಮೇಡಂ 'ಇನ್ಯಾರಾದ್ರೂ ಇದಾರಾ' ಅಂದ್ರು. ಬಿಡೋದ್ಯಾಕೆ ಅಂತ ಬೀದಿಯವರ ಹೆಸರೆಲ್ಲ ಹೇಳ್ದೆ. ಒಟ್ಟು ಹದಿನೇಳು ಜನ!"

ಹಲ್ಲುಮಾಮ ಡುಮ್ಮಿಗೆ ಒರಗಿ ನಿಂತರು. ಆಮೇಲೆ, ಹೋಗಲಿ, ಹದಿನೇಳರ ಜೊತೆ ಹದಿನೆಂಟು ಎಂದುಕೊಂಡು ಹಿಂದಿನ ಬಾಗಿಲು ತೆರೆದು ಹೆಂಡತಿಯನ್ನು ಕರೆದರು. ಆದರೆ ಗೇಟಿನ ಕಾವಲುಗಾರ ಸರ್ಟಿಫಿಕೇಟಿನ ಪಟ್ಟಿ ನೋಡಿ ಕೈ ಅಡ್ಡ ಹಿಡಿದ. "ಈ ಅಮ್ಮನ ಹೆಸರಿಲ್ಲ ಸ್ವಾಮಿ. ಹತ್ತೋ ಹಾಗಿಲ್ಲ."

"ಅವಳು ನನ್ನ ಹೆಂಡ್ತಿ ಕಣಯ್ಯ!"

"ಹೆಂಡ್ತಿ ಅಂತ ಯಾರೂ ಇಲ್ಲ ಇದ್ರಲ್ಲಿ."

"ಅಯ್ಯೋ," ವಕೀಲರು ನಾಲಿಗೆ ಕಚ್ಚಿಕೊಂಡರು, "ಅವಳ ಹೆಸರು ಮೊದಲೇ ನೀನೇ ಬರೆಸಿರ್ತೀಯ ಅಂದ್ಕೊಂಡೆನಲ್ಲಯ್ಯಾ!"

ಹಲ್ಲುಮಾಮ ಹೆಂಡತಿಯೊಡನೆ ಕೌಂಟರಿಗೆ ಓಡಿ, ಅವಳ ಹೆಸರೂ ಸೇರಿಸಿ ಎಂದರು. ಮೇಡಂ ಕಿಟಕಿ ಮುಚ್ಚುತ್ತಿದ್ದರು. "ಅದು ಹೇಗ್ರೀ ಹೆಂಡತಿ ಆಗ್ತಾರೆ? ಅರ್ಜಿಗೆ ಸಂಬಂಧ ಇಲ್ಲದವರೊಬ್ಬರ ಸಾಕ್ಷಿ ಬೇಕಿತ್ತು. ಇದ್ದವರೆಲ್ಲ ತಾಯಿ, ತಂಗಿ, ಅಣ್ಣ; ಅವರೂ ದುಡ್ಡು ಕಟ್ಟೋ ಕಿಟಕಿಗೆ ಹೋಗಿದ್ರು. ಅಷ್ಟರಲ್ಲಿ ಈ ಅಮ್ಮ 'ರೀ, ನೀರು ಹಾಕಿದೆ ಕಣ್ರೀ' ಅಂತ ಬಂದ್ರು. ಇವರ್ಯಾರೋ ರೀ ಅಂತಿದಾರೆ, ಗುರುತಿಲ್ಲದವರು ಅಂತ ಸಹಿ ಹಾಕಿಸ್ಕೊಂಡೆ. ಇಲ್ಲಿ ನಾವು ಗುರುತಿಲ್ಲದವರಿಗೇ ಅಲ್ವೇನ್ರೀ, ರೀ ಅನ್ನೋದು?"

ಹಲ್ಲುಮಾಮ ಹಿಂದಕ್ಕೆ ತಿರುಗಿದರು. "ಇವಳೇ, ಸಹಿ ಹಾಕಿದ್ಯಾ?"

"ಹೂಂರೀ. 'ನೀವು ಹೊರಗಿನವರಾ' ಅಂದ್ರು. ಇಷ್ಟೊತ್ತೂ ಹೊರಗೇ ಇದ್ದೆ ಮೇಡಂ ಅಂದೆ. ತೋರಿಸಿದ ಕಡೆ ಹಾಕ್ದೆ. ನಿಮ್ಮ ಕೆಲಸ ಬೇಗ ಆಗ್ಲಿ ಅಂತ."

"ಅರ್ಜಿದಾರರಿಗೂ ನನಗೂ ಯಾವುದೇ ಸಂಬಂಧವಿಲ್ಲ ಅಂತ ಇವರೇ ಬರ್ಕೊಟ್ಟಿದಾರೆ," ಎಂದರು ಮೇಡಂ. "ತಿದ್ದೋದಿದ್ರೆ ಹತ್ತು ವರ್ಷ ಆದ್ಮೇಲೆ ರಿನ್ಯೂವಲ್‌ಗೆ ಬನ್ರೀ." ಕಿಟಕಿ ಮುಚ್ಚಿತು.

ಎಲ್ಲರೂ ಮತ್ತೆ ಅಂಗಳಕ್ಕೆ ಬಂದರು. ಕೊನೆಗೆ ಹೆಂಡತಿಯೇ ನಕ್ಕರು. "ಹೋಗ್ಲಿ ಬಿಡಿ, ಅಜ್ಜಿಗೆ ಸುಸ್ತಾಗಿದೆ. ನೀವು ಹೊರಡಿ, ನನಗೆ ಬಸ್ಸಿದೆ." ಮಾಲೀಕರಲ್ಲದೆ ಬೇರೆ ಯಾರೂ ಓಡಿಸುವ ಹಾಗಿರಲಿಲ್ಲ. ಆಫೀಸಿನ ಗೇಟೂ ಮುಚ್ಚುತ್ತಿತ್ತು. ಹಲ್ಲುಮಾಮ ಸ್ಟೇರಿಂಗಿನ ಹಿಂದೆ ಕೂತರು.

ಡುಮ್ಮಿ ತೆವಳುತ್ತ ಕೆರೆ ದಂಡೆಗೆ ಬಂತು. ಒಳಗೆ ಕುಟುಂಬದವರು ಸಂಭ್ರಮದಿಂದ ಯಾವ ವಾರ ಯಾರು ಎಲ್ಲಿಗೆ ಹೋಗುವುದೆಂದು ಸರದಿ ಹಾಕುತ್ತಿದ್ದರು. "ಇನ್ನು ಕೇಳೋ ಸಂಕೋಚವೂ ಇಲ್ಲ ಮಗಾ, ಕಾನೂನೇ ಇದೆ" ಎಂದು ಅಜ್ಜಿ ಹಿಂದಿನಿಂದ ಹಲ್ಲುಮಾಮನ ತಲೆ ಸವರಿದಳು. ಸಿಟ್ಟು ಮಾಡೋಣವೆಂದರೆ ಆ ಕೈ ಬೆಚ್ಚಗಿತ್ತು.

ಹಿಂದೆ ಹಾರನ್ ಸದ್ದು ಕೇಳಿ ಹಲ್ಲುಮಾಮ ಪಕ್ಕಕ್ಕೆ ಸರಿದರು. ಬಸ್ಸು ಡುಮ್ಮಿಯನ್ನು ದಾಟಿ ಮುಂದೆ ಹೋಯಿತು. ಅದರ ಮುಂದಿನ ಸೀಟಿನಲ್ಲಿ, ಇಳಿಸಿದ ಕಿಟಕಿಯ ಪಕ್ಕ, ಅವರ ಹೆಂಡತಿ ಒಬ್ಬರೇ ಕೂತು ನೀರು ನೋಡುತ್ತಿದ್ದರು. ಡುಮ್ಮಿ ಕಂಡದ್ದೇ ಕೈ ಬೀಸಿದರು. ಡುಮ್ಮಿಯೊಳಗಿನಿಂದ ಎಲ್ಲರೂ ಕೈ ಬೀಸಿದರು.

ಬಸ್ಸಿಗಿಂತ ಅರ್ಧ ಗಂಟೆ ತಡವಾಗಿ ಹಲ್ಲುಮಾಮ ಮನೆಗೆ ಬಂದಾಗ ಹೆಂಡತಿ ಬಿಸಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಆ ಮುಖ ಅಷ್ಟು ಅರಳಿದ್ದನ್ನು ಅವರು ಕಂಡಿರಲಿಲ್ಲ.

"ಎಲ್ಲ ನಿಮ್ಮಿಂದ್ಲೇ ಕಣ್ರೀ," ಎಂದರು ಆಕೆ. "ಕೆರೆ ಎಷ್ಟು ಚೆನ್ನಾಗಿತ್ತು ಅಂತೀರಿ! ನೀವೂ ಇರಬೇಕಿತ್ತು."