ತಿಪ್ಪೇಶನ ಬಲಗಾಲು

ಗುತ್ತೂರಿನ ಆ ಓಣಿಯಲ್ಲಿ ಯಾರ ಸೊಂಟ ಹಿಡಿದುಕೊಂಡರೂ ಡಾಕ್ಟರಿಗಿಂತ ಮೊದಲು ತಿಪ್ಪೇಶನ ಬಲಗಾಲಿಗೆ ಕರೆ ಬರುತ್ತಿತ್ತು. ಕಾಲು ಮುಂದಾಗಿ ಹುಟ್ಟಿದವರು ಮೂರು ಸಲ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆಂಬ ನಂಬಿಕೆ. ತಿಪ್ಪೇಶ ಹಾಗೆ ಹುಟ್ಟಿದವನೆಂದು ತಾಯಿ ತಿಮ್ಮವ್ವ ಊರಿಗೆಲ್ಲ ಸಾರಿದ್ದಳು. ಹಾಗಾಗಿ ಎಂಟು ವರ್ಷದ ಮಗಳು ಸ್ನೇಹಾಳ ಕುತ್ತಿಗೆ ಒಂದು ಕಡೆ ವಾಲಿ ನಿಂತಾಗ ಅವನು ಮೊದಲು ಎತ್ತಿದ್ದು ತನ್ನ ಕಾಲನ್ನೇ.

ಅದಾಗಿ ಮೂರು ವಾರ. ಕುತ್ತಿಗೆ ನೆಟ್ಟಗಾಗಲಿಲ್ಲ, ನೋವೂ ಹೋಗಲಿಲ್ಲ. ಹರಿಹರದಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣದೆ, ದಾವಣಗೆರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ತನ್ನ ಕಾಲೇ ಮಗುವಿನ ಮೂಳೆ ಮುರಿದಿದ್ದರೆ? ಬಸ್ಸಿನುದ್ದಕ್ಕೂ ತಿಪ್ಪೇಶನಿಗೆ ಇದೊಂದೇ ಯೋಚನೆ. ಬಲಗಾಲನ್ನು ಕದ್ದ ಮಾಲಿನಂತೆ ಸೀಟಿನಡಿ ಬಚ್ಚಿಟ್ಟುಕೊಂಡು ಕೂತಿದ್ದ.

ಸ್ಕ್ಯಾನ್ ಮಾಡುವ ಅಬ್ರಾರ್ ಫಾರಂ ತುಂಬುತ್ತ ಕೇಳಿದ, "ಮಗೂಗೆ ಪೆಟ್ಟೇನಾದ್ರೂ ಬಿದ್ದೈತಾ?"

"ಇ... ಇಲ್ರಿ," ಎಂದ ತಿಪ್ಪೇಶ.

ಕರೆಯದಿದ್ದರೂ ಜೊತೆಗೆ ಬಂದಿದ್ದ ಪಕ್ಕದ ಮನೆಯ ಗುರುಮೂರ್ತಿ ಸುಮ್ಮನಿರುವ ಪೈಕಿಯಲ್ಲ. "ಯಾಕ ಸುಳ್ಳು ಹೇಳ್ತೀಯೋ? ಇವ್ನೇ ಒದ್ದಾನ್ರಿ, ಮೂರು ಸಲ. ನಾನೇ ಎಣಿಸೀನಿ!"

ಅಬ್ರಾರ್‌ನ ಪೆನ್ನು ನಿಂತಿತು. "ಮಗೂಗೆ ಒದೀತೀರೇನ್ರಿ?"

"ಪ್ರೀತಿಯಿಂದ ಒದ್ದೀನ್ರಿ!"

ಬೆಂಚಿನ ಮೇಲಿದ್ದ ಇಬ್ಬರು ಎದ್ದು ಆಚೆ ಹೋದರು. ಹೆಂಡತಿ ಪುಷ್ಪಲತಾ ಗಂಡನತ್ತ ಒಂದು ನೋಟ ಎಸೆದು, ಮಗಳನ್ನು ಒಳಗೆ ಕರೆದೊಯ್ದಳು. ಬಾಗಿಲು ಮುಚ್ಚಿದೊಡನೆ ತಿಪ್ಪೇಶನಿಗೆ ಅಳುವೇ ಬಂತು. ಮಗುವಿಗೆ ಏನಾದರೂ ಆದರೆ ಆ ಕಾಲಿನ ಮೇಲೆ ತಾನು ನಿಲ್ಲುವುದಾದರೂ ಹೇಗೆ? ಅತ್ತ ಗುರುಮೂರ್ತಿ, ಸ್ಕ್ಯಾನ್ ಮುಗಿಸಿ ಹೊರಬಂದ ಅಬ್ರಾರ್‌ನನ್ನು ಮೂಲೆಗೆ ಕರೆದು, ಕಾಲಿನ ಮಹಿಮೆಯನ್ನೆಲ್ಲ ವಿವರಿಸುತ್ತಿದ್ದ.

ಕೊನೆಗೆ ಡಾಕ್ಟರಮ್ಮ ಚಿತ್ರ ತೋರಿಸಿದರು. "ನೋಡಿ, ಕುತ್ತಿಗೆ ಮೂಳೆಯಲ್ಲಿ ಸಾಸಿವೆಯಷ್ಟು ಗಂಟು. ಎಕ್ಸ್‌ರೇಯಲ್ಲಿ ಬೇರೆ ಮೂಳೆಗಳ ಹಿಂದೆ ಅಡಗಿತ್ತು, ಇದರಲ್ಲಿ ಸಿಕ್ಕಿಬಿತ್ತು. ಕ್ಯಾನ್ಸರ್ ಅಲ್ಲ. ತೆಗೆದರೆ ಹುಷಾರಾಗ್ತಾಳೆ. ನಿಮ್ಮ ಒದೆತದಿಂದ ಬಂದದ್ದೂ ಅಲ್ಲ. ಆದರೆ ಮಕ್ಕಳ ಕುತ್ತಿಗೆ ಮೇಲೆ ಇನ್ನೊಂದು ಸಲ ಕಾಲಿಟ್ಟರೆ ನೋಡಿ!"

"ಇನ್ನು ಯಾರಿಗೂ ಇಡಂಗಿಲ್ರಿ," ಎಂದು ಕೈಮುಗಿದ ತಿಪ್ಪೇಶ. ತಲೆಯ ಮೇಲಿನ ಹೊರೆ ಇಳಿದಂತಾಗಿತ್ತು.

ಹೊರಗೆ ಬಂದಾಗ, ಅವರ ಜೊತೆಗೇ ಬಂದು ಬೆಂಚಿನ ಮೇಲೆ ಕಾದಿದ್ದ ತಿಮ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಮಾತು ಹೇಳ್ತೀನಿ, ಬೈಬ್ಯಾಡಪ್ಪ. ಕಾಲು ಮುಂದಾಗಿ ಹುಟ್ಟಿದ್ದು ನಿಮ್ಮಕ್ಕ. ಹೆಣ್ಣುಮಗಳು ಗಂಡಸರಿಗೆ ಒದ್ರೆ ಚೆಂದಿರಲ್ಲ ಅಂತ ನಿನ್ ಹೆಸರು ಹೇಳಿಬಿಟ್ಟೆ."

ತಿಪ್ಪೇಶ ತೆರೆದ ಬಾಯಿ ಮುಚ್ಚುವ ಮೊದಲೇ ಅಬ್ರಾರ್ ಸೊಂಟ ಹಿಡಿದುಕೊಂಡು ಎದುರು ಬಂದು ಬಗ್ಗಿದ. "ಅಣ್ಣಾ, ಬೆಳಗಿಂದ ಹಿಡಕೊಂಡೈತೆ. ಮೆಹರ್ಬಾನಿ ಮಾಡ್ರಿ."

"ನಾನು ತಲೆ ಮುಂದಾಗಿ ಹುಟ್ಟಿದವನ್ರಿ!"

"ನೋಡ್ರಿ, ಎಂಥಾ ವಿನಯ!" ಎಂದು ಗುರುಮೂರ್ತಿ ಹಿಂದಿನಿಂದ ತಳ್ಳಿದ. ಮುಗ್ಗರಿಸಿದ ತಿಪ್ಪೇಶನ ಕಾಲು ಅಬ್ರಾರ್‌ನ ಸೊಂಟಕ್ಕೆ ತಗುಲಿತು. ಅಬ್ರಾರ್ ನೆಟ್ಟಗೆ ನಿಂತು, ಆ ಕಡೆ ಈ ಕಡೆ ತಿರುಗಿ ನೋಡಿದ.

"ಬಿಡ್ತಣ್ಣಾ! ಒಂದೇ ಏಟಿಗೆ!"

ಗುರುಮೂರ್ತಿ ಆಗಲೇ ಫೋನಿನಲ್ಲಿದ್ದ. "ಹಲೋ, ಓಣಿಯೋರಿಗೆಲ್ಲ ಹೇಳು. ದಾವಣಗೆರೆ ಆಸ್ಪತ್ರೆಯೋರೇ ನಮ್ಮ ತಿಪ್ಪೇಶನ ಹತ್ರ ಒದಿಸಿಕೊಂಡ್ರು! ಐದು ಗಂಟಿಗೆ ಬರ್ತೀವಿ, ಸಾಲಾಗಿ ನಿಂತಿರ್ರಿ."