ಕ್ಲೋವಿಸ್ ವಠಾರದ ಬಾಯಿ ಮುಚ್ಚಿಸಿದ ದಿನ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ರೆಕಾರ್ಡಿಂಗ್ ಇಂಜಿನಿಯರ್ ಕ್ಲೋವಿಸ್ ಸ್ಟುಡಿಯೋ ಕಿಟಕಿಯಿಂದ ತಲೆ ಹೊರಹಾಕಿ, ಇವತ್ತು ಸಂಜೆ ಐದರವರೆಗೆ ದಯವಿಟ್ಟು ಯಾರೂ ಸದ್ದು ಮಾಡಬೇಡಿ ಎಂದು ಕೇಳಿಕೊಂಡನಲ್ಲ, ಎಲ್ಲ ಅನಾಹುತಕ್ಕೂ ಮೂಲ ಅದೇ. ಕಿಂಗ್‌ಸ್ಟನ್ನಿನ ವಠಾರದಲ್ಲಿ ಅಂಥ ಮಾತಾಡುವವನಿಗೆ ಒಂದೋ ತಲೆ ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಸಾವಾಗಿರಬೇಕು. ಎರಡರಲ್ಲಿ ಯಾವುದೆಂದು ತಿಳಿಯಲು ಐದೇ ನಿಮಿಷದಲ್ಲಿ ಅರ್ಧ ವಠಾರ ಅವನ ಬಾಗಿಲಲ್ಲಿ ನಿಂತಿತ್ತು.

ವಿಷಯ ಇಷ್ಟೇ. ಸ್ಟುಡಿಯೋದ ಮಾಲೀಕರು ಅಲ್ಲಿನ ಹಳೇ ಮಿಕ್ಸಿಂಗ್ ಬೋರ್ಡನ್ನು ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟಿದ್ದರು. ಐದು ಗಂಟೆಗೆ ಲಾರಿ ಬರುವುದಿತ್ತು. ಒಂದೊಂದು ಸದ್ದಿಗೂ ಒಂದೊಂದು ದಾರಿಯಂತೆ ಹದಿನಾರು ಚಾನೆಲ್ಲಿನ, ಮಂಚದಷ್ಟು ದೊಡ್ಡ ಬೋರ್ಡು ಅದು. ಹಾಡು, ಡ್ರಮ್ಮು, ಗಿಟಾರು ಎಲ್ಲ ಅದರೊಳಗೆ ಹಾದು ಬೆರೆತು ಬರುವಾಗ ಅದೇನೋ ಒಂದು ಬಿಸುಪು ಅಂಟಿಕೊಂಡು ಬರುತ್ತಿತ್ತು. ಆ ಬಿಸುಪನ್ನು ಕಂಪ್ಯೂಟರಿಗೆ ಕಲಿಸುವ ಕೆಲಸವನ್ನು ನಾರ್ವೆಯ ಕಂಪನಿಯೊಂದು ಕ್ಲೋವಿಸ್‌ಗೆ ಒಪ್ಪಿಸಿತ್ತು. ಒಂದೊಂದು ಚಾನೆಲ್ಲಿಗೂ ಅಳತೆಯ ಸ್ವರ ಕಳಿಸಿ, ಆ ಕಡೆಯಿಂದ ಬಂದದ್ದನ್ನು ಹಿಡಿದಿಡಬೇಕು. ಕೊನೆಗೆ ಏನೂ ಕಳಿಸದೆ, ಬೋರ್ಡು ತನ್ನಷ್ಟಕ್ಕೆ 'ಸುಯ್' ಎಂದು ಉಸಿರಾಡುವುದನ್ನೂ ಹಿಡಿಯಬೇಕು. ನಕಲು ಚೆನ್ನಾಗಿ ಬಂದರೆ ಅದನ್ನು ಕಂಪ್ಯೂಟರಿನಲ್ಲಿ ತೆರೆದವರಿಗೆ ಕಾಣುವ ಪರದೆಯ ಮೇಲೆ ಹೆಸರು ಹಾಕುತ್ತೇವೆಂದು ಕಂಪನಿಯ ಹೆನ್ರಿಕ್ ಮಾತು ಕೊಟ್ಟಿದ್ದ.

ಹೆಸರು ಎಂದರೆ ಕ್ಲೋವಿಸ್‌ಗೆ ಪ್ರಾಣ. ಮೂವತ್ತು ವರ್ಷ ಅವನ ಬೆರಳಲ್ಲಿ ಹಾದ ಹಾಡುಗಳು ಪ್ರಪಂಚ ಸುತ್ತಿ ಬಂದಿವೆ. ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವನ ಹೆಸರಿದೆ, ಹಣ ಹಾಕಿದವನ ಹೆಸರಿದೆ, ಕಾಗದ ಅಚ್ಚು ಹಾಕಿದವನ ಹೆಸರೂ ಇದೆ. ಇವನದಿಲ್ಲ. ಮಗಳು ಚಿಕ್ಕವಳಿದ್ದಾಗ, ಇದು ನಮ್ಮಪ್ಪ ಮಾಡಿದ್ದು ಎಂದು ಒಂದು ತಟ್ಟೆಯನ್ನು ಶಾಲೆಗೆ ಒಯ್ದು ಸುಳ್ಳಿ ಅನ್ನಿಸಿಕೊಂಡು ಅಳುತ್ತ ಬಂದಿದ್ದಳು. ಅವಳಿಗೀಗ ಇಬ್ಬರು ಮಕ್ಕಳು, ಆದರೂ ಕ್ಲೋವಿಸ್‌ಗೆ ಆ ಅಳು ಮರೆತಿರಲಿಲ್ಲ.

ಇದನ್ನೆಲ್ಲ ಕೇಳಿ ವಠಾರ ಕರಗಿತು. ಕರಗಿತು ಅಂದರೆ ಪುಕ್ಕಟೆ ಅಲ್ಲ. ಮಾವಿನ ಮರದಡಿ ಇಡೀ ದಿನ ಡಾಮಿನೋ ಆಡುವ ಬ್ಯಾರಿಂಗ್ಟನ್, ಬಿಲ್ಲೆಗಳನ್ನು ಮೇಜಿಗೆ ಬಡಿಯುವುದಿಲ್ಲ, ಆದರೆ ತನ್ನದೊಂದು ಪ್ರೇಮಗೀತೆಯನ್ನು ಕ್ಲೋವಿಸ್ ರೆಕಾರ್ಡ್ ಮಾಡಿಕೊಡಬೇಕು ಅಂದ. ಬ್ಯಾರಿಂಗ್ಟನ್ ಹಾಡಿದರೆ ಕಟ್ಟಿಹಾಕಿದ ಮೇಕೆಯೂ ಹಗ್ಗ ಹರಿದುಕೊಳ್ಳುತ್ತದೆ. ಚರ್ಚಿನ ಹಾಡುಗುಂಪಿನ ಸಿಸ್ಟರ್ ವೆರೋನಾ, ಮೂವತ್ತೆರಡು ಜನರ ಗುಂಪನ್ನು ಆರು ಭಾನುವಾರ ರೆಕಾರ್ಡ್ ಮಾಡುವುದಾದರೆ ಇವತ್ತಿನ ಅಭ್ಯಾಸ ಸದ್ದಿಲ್ಲದೆ ನಡೆಸುತ್ತೇನೆ ಅಂದಳು. ಕ್ಲೋವಿಸ್ ಎರಡಕ್ಕೂ ಹೂಂ ಅಂದ. ಪಕ್ಕದ ಮನೆಯಲ್ಲಿ ಐಸ್ ಶರಬತ್ತಿನ ಪೊಟ್ಟಣ ಮಾರುವ ಮಿಸ್ ಇಸಿಲ್ಡಾ ಬ್ಯಾಟರಿ ರೇಡಿಯೋ ಆರಿಸಿ ಬಂದು ಏನೋ ಕೇಳಿದಾಗ ಇವನ ಕಿವಿಗೆ ಹೆಡ್‌ಫೋನ್ ಏರಿಯಾಗಿತ್ತು. ಅದಕ್ಕೂ ತಲೆ ಆಡಿಸಿದ.

ಹನ್ನೊಂದರ ಹೊತ್ತಿಗೆ ಒಂಬತ್ತು ಚಾನೆಲ್ಲು ಮುಗಿದವು. ಹತ್ತನೆಯದರ ನಡುವೆ ಯಾರದೋ ಹುಂಜ ಕಿಟಕಿ ಮೇಲೆ ಹತ್ತಿ ಗಂಟಲು ಹರಿಯುವಂತೆ ಕೂಗಿತು. ಕ್ಲೋವಿಸ್ ಕೈಗೆ ಸಿಕ್ಕ ಚಪ್ಪಲಿ ಬೀಸಿ, ಅದನ್ನು ಬೀದಿಯ ತುದಿಯವರೆಗೆ ಅಟ್ಟಿ, ಏದುಸಿರು ಬಿಡುತ್ತ ಬಂದು ಎಷ್ಟು ಹಾಳಾಯಿತೆಂದು ಕೇಳಿನೋಡಿದ. ಹುಂಜದ ಸುಳಿವೇ ಇಲ್ಲ. ಇನ್ನೊಮ್ಮೆ ಕೇಳಿದ. ಇಲ್ಲ.

ಆಗ ಅವನಿಗೆ ಜ್ಞಾನೋದಯವಾಯಿತು. ಬೋರ್ಡಿಗೆ ಮೈಕನ್ನೇ ಸಿಕ್ಕಿಸಿಲ್ಲ. ಸ್ವರ ಹೋಗುವುದು ತಂತಿಯಲ್ಲಿ, ಬರುವುದು ತಂತಿಯಲ್ಲಿ. ಹುಂಜ ಕೂಗಲಿ, ಸಿಡಿಲು ಹೊಡೆಯಲಿ, ಆ ಬೋರ್ಡಿಗೆ ಕೇಳಲು ಕಿವಿಯೇ ಇಲ್ಲ. ಮೂವತ್ತು ವರ್ಷ ಕೆಂಪು ದೀಪ ಹತ್ತಿದೊಡನೆ 'ಶ್' ಎನ್ನುತ್ತ ಬಂದವನು, ಅಭ್ಯಾಸಬಲದಿಂದ ಇಡೀ ವಠಾರಕ್ಕೇ 'ಶ್' ಅಂದಿದ್ದ.

ಕಿಟಕಿಯಿಂದ ಹೊರಗೆ ನೋಡಿದ. ಬ್ಯಾರಿಂಗ್ಟನ್ನಿನ ಗೆಳೆಯರು ಮೇಜಿಗೆ ಟವೆಲ್ ಹಾಸಿ, ಬಿಲ್ಲೆಗಳನ್ನು ಮೊಟ್ಟೆ ಇಟ್ಟಂತೆ ಇಡುತ್ತಿದ್ದರು. ಗೆದ್ದವನು ಎದ್ದು ನಿಂತು ಮೂಕನ ಹಾಗೆ ಕುಣಿಯುತ್ತಿದ್ದ. ಆಚೆ ಮೂವತ್ತೆರಡು ಜನ ಬಿಸಿಲಲ್ಲಿ ಬೆವರುತ್ತ ದೇವರ ಹಾಡನ್ನು ಬರೀ ತುಟಿಯಲ್ಲಿ ಹಾಡುತ್ತಿದ್ದರು. ಈಗ ನಿಜ ಹೇಳಿದರೆ ಮ್ಯೂಸಿಯಮ್ಮಿಗೆ ಬೋರ್ಡಿನ ಜೊತೆ ತನ್ನನ್ನೂ ಕಳಿಸುತ್ತಾರೆಂದು ಅವನಿಗೆ ಖಾತ್ರಿಯಿತ್ತು. ಸಿಸ್ಟರ್ ವೆರೋನಾ ಕಣ್ಣಲ್ಲೇ, ಸಾಕೇ, ಎಂದು ಕೇಳಿದಳು. ಕ್ಲೋವಿಸ್ ತುಟಿಯ ಮೇಲೆ ಬೆರಳಿಟ್ಟ.

ನಾಲ್ಕಕ್ಕೆ ಉಳಿದ ಚಾನೆಲ್ಲುಗಳು ಮುಗಿದವು. ನಾಲ್ಕೂಕಾಲಿಗೆ ಬೋರ್ಡಿನ ಉಸಿರನ್ನೂ ಹಿಡಿದು, ಎಲ್ಲವನ್ನೂ ನಾರ್ವೆಗೆ ಕಳಿಸಿ, ಬೇಯಿಸಿದ ಬಾಳೆಕಾಯಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. ಅದನ್ನು ನುಂಗುವ ಮೊದಲೇ ಹೆನ್ರಿಕ್‌ನ ಫೋನು ಬಂತು. ಹೊರಗೆ ಐದರ ಲಾರಿಯೂ ಮುಂಚೆಯೇ ಬಂದು ಹಾರ್ನ್ ಹೊಡೆಯಿತು.

ಚಾನೆಲ್ಲುಗಳೆಲ್ಲ ಸರಿಯಿವೆ, ಆದರೆ ಉಸಿರಿನ ಕೆಳಗೆ ಏನೋ 'ಗುಂಯ್' ಅನ್ನುತ್ತಿದೆಯಲ್ಲ ಎಂದ ಹೆನ್ರಿಕ್. ಕ್ಲೋವಿಸ್ ಹೆಡ್‌ಫೋನ್ ಏರಿಸಿಕೊಂಡ. ಹೌದು, ಗುಂಯ್. ಇದು ಬೋರ್ಡಿನದಲ್ಲ, ಅದರ ಗೊರಕೆ ಕೆಮ್ಮು ಎಲ್ಲ ಅವನಿಗೆ ಬಾಯಿಪಾಠ. ಮಂಡಿಯೂರಿ ಹುಡುಕಿದರೆ, ಬೋರ್ಡಿಗೆ ಕರೆಂಟು ಕೊಡುವ ಪ್ಲಗ್ಗಿನ ಪಕ್ಕದಲ್ಲೇ ಒಂದು ಹಳದಿ ವೈರು ಸಿಕ್ಕಿಸಿತ್ತು. ಅದು ಕಿಟಕಿ ದಾಟಿ, ಗೋಡೆ ಹಾರಿ, ಮಿಸ್ ಇಸಿಲ್ಡಾಳ ಫ್ರೀಜರಿನ ಹೊಟ್ಟೆ ಸೇರಿತ್ತು. ಆ ಫ್ರೀಜರಿನ ಗುಂಯ್ ಅದೇ ಕರೆಂಟಿನ ಜೊತೆ ಬೋರ್ಡಿಗೆ ಹರಿದು ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಕೂಗುವವರನ್ನೆಲ್ಲ ಕಟ್ಟಿಹಾಕಿ, ಸದ್ದಿಲ್ಲದೆ ಒಳಬಂದದ್ದನ್ನು ಬಿಟ್ಟಿದ್ದ.

"ನಮ್ಮನೆ ಕರೆಂಟ್ ಹೋಗಿತ್ತು ಕಣಪ್ಪ. ನಿನ್ನ ಕೇಳ್ದೆ, ನೀನು ತಲೆ ಆಡಿಸ್ದೆ," ಅಂದಳು ಬಾಗಿಲಲ್ಲಿದ್ದ ಮಿಸ್ ಇಸಿಲ್ಡಾ. "ಸದ್ದು ಮಾಡ್ಬೇಡಿ ಅಂತ ತಾನೇ ನೀನು ಹೇಳಿದ್ದು? ಪಾಪ, ಅದು ಸದ್ದೇ ಮಾಡಲ್ಲ."

ಅಷ್ಟರಲ್ಲಿ ಲಾರಿಯ ನಾಲ್ಕು ಜನ ವೈರುಗಳನ್ನು ಕಿತ್ತು ಬೋರ್ಡನ್ನು ಹೆಗಲಿಗೇರಿಸಿದರು. ಮತ್ತೊಮ್ಮೆ ಹಿಡಿಯುವ ಮಾತೇ ಇಲ್ಲ. ಅದು ಬೋರ್ಡಿನದೇ ಸದ್ದು ಎಂದುಬಿಟ್ಟರೆ ನಾರ್ವೆಯವನಿಗೇನು ಗೊತ್ತಾಗುತ್ತಿತ್ತು? ಒಂದು ಗಳಿಗೆ ಕ್ಲೋವಿಸ್‌ನ ಮನಸ್ಸು ಹೊಯ್ದಾಡಿತು. ಆದರೆ ಸುಳ್ಳಿ ಅನ್ನಿಸಿಕೊಂಡ ಮಗಳ ಅಪ್ಪ ಅವನು, ಸುಳ್ಳು ನಾಲಿಗೆಗೆ ಬರಲಿಲ್ಲ. ಅದು ಪಕ್ಕದ ಮನೆಯ ಫ್ರೀಜರು, ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಬೈಗುಳಕ್ಕೆ ಕಾದ.

"ಹನ್ನೆರಡು ದೇಶದಿಂದ ಇಂಥ ನಕಲು ತರಿಸಿದೀವಿ," ಅಂದ ಹೆನ್ರಿಕ್. "ಎಲ್ಲಾ ಆಸ್ಪತ್ರೆ ನೆಲದ ಹಾಗೆ ಸ್ವಚ್ಛ. ನಿಮ್ಮದೊಂದ್ರಲ್ಲೇ ಒಳಗೆ ಯಾರೋ ಸಂಸಾರ ಮಾಡ್ಕೊಂಡಿದ್ದಾರೆ ಅನ್ಸುತ್ತೆ. ಏನೂ ತೆಗೀಬೇಡಿ. ಪಾಸಾಯ್ತು."

ಕ್ಲೋವಿಸ್‌ನ ಕಣ್ಣು ತುಂಬಿ ಬಂತು. ಫೋನಿನ ದನಿಯನ್ನು ಇಡೀ ವಠಾರಕ್ಕೆ ಕೇಳುವ ಹಾಗೆ ಜೋರು ಮಾಡಿ, ಹೆಸರಿನ ವಿಷಯ ಏನಾಯಿತೆಂದು ಕೇಳಿದ.

"ಅದನ್ನೇ ಹೇಳೋಕೆ ಹೊರಟೆ. ಪರದೆ ಮೇಲೆ ಒಂದೇ ಹೆಸರಿಗೆ ಜಾಗ ಇರೋದು," ಅಂದ ಹೆನ್ರಿಕ್. "ಆ ಫ್ರೀಜರ್ ಇರೋ ಅಮ್ಮನ ಹೆಸರೇನು? ಒಂದೊಂದೇ ಅಕ್ಷರ ಹೇಳಿ, ಬರ್ಕೋತೀನಿ."

ವಠಾರ ಬೆಳಿಗ್ಗೆಯಿಂದ ಅದುಮಿಟ್ಟ ಸದ್ದನ್ನೆಲ್ಲ ಒಂದೇ ಸಲ ಹೊರಗೆ ಬಿಟ್ಟಿತು. ಮಿಸ್ ಇಸಿಲ್ಡಾ ಕನ್ನಡಕ ಹಾಕಿಕೊಂಡು, ಫೋನಿಗೆ ಬಾಯಿಟ್ಟು, ತನ್ನ ಹೆಸರಿನ ಅಕ್ಷರಗಳನ್ನು ತಾನೇ ಒಂದೊಂದಾಗಿ ಹೇಳಿದಳು. ನಾರ್ವೆಯವರು ತಪ್ಪು ಬರೆದಾರೆಂದು ಎರಡು ಸಲ ಹೇಳಿದಳು. ಕ್ಲೋವಿಸ್ ಖಾಲಿ ಕೋಣೆಯಲ್ಲಿ, ಬೋರ್ಡಿದ್ದ ಜಾಗದ ಧೂಳು ನೋಡುತ್ತ ಕೂತ. ಅವನ ತಲೆಯ ಮೇಲೀಗ ಆರು ಭಾನುವಾರ ಮತ್ತು ಬ್ಯಾರಿಂಗ್ಟನ್ನಿನ ಪ್ರೇಮಗೀತೆ ಇದ್ದವು.

ಸಂಜೆ ಮಾವಿನ ಮರದಡಿ ಮಿಸ್ ಇಸಿಲ್ಡಾ ಎಲ್ಲರಿಗೂ ಪುಕ್ಕಟೆ ಶರಬತ್ತು ಹಂಚಿದಳು. ಎಲ್ಲಾ ಸರಿ, ಇದರಲ್ಲಿ ಕ್ಲೋವಿಸ್ ಮಾಡಿದ್ದಾದರೂ ಏನು, ಎಂದು ಬ್ಯಾರಿಂಗ್ಟನ್ ಕೇಳಿದ.

ಮಿಸ್ ಇಸಿಲ್ಡಾ ಒಳ್ಳೆಯ ಹೆಂಗಸು, ಯಾರ ಶ್ರಮವನ್ನೂ ಮರೆಯುವವಳಲ್ಲ. ಕ್ಲೋವಿಸ್‌ನ ಬೆನ್ನು ಸವರುತ್ತ, "ಹಾಗನ್ಬೇಡ, ಇವನದೂ ಕೈ ಇದೆ," ಅಂದಳು. "ಪ್ಲಗ್ ಹಾಕ್ಕೊಳ್ಳೋಕೆ ಜಾಗ ಕೊಟ್ಟಿದ್ದು ಇವನೇ."